ಸ್ವಲ್ಪ ಕಾಂಪ್ಲಿಕೇಟೆಡ್ ಐತ್ರಿ

ಮೂರು ವರ್ಷದಿಂದ ನಾನು ಒಂದೇ ಒಂದು ಇಂಗ್ಲಿಷ್ ಪದ ಕಲಿಯುತ್ತಿದ್ದೇನೆ. ಶಾಲೆ ಅಂದ್ರೆ ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಕಚೇರಿ, ಮೇಷ್ಟ್ರು ಅಲ್ಲಿನ ಕೇಸ್ ವರ್ಕರ್, ಪದ ಕಾಂಪ್ಲಿಕೇಟೆಡ್.

ನನ್ನ ಕೇಸ್ ಇಷ್ಟೇ. ಪಹಣಿಯ 9ನೇ ಕಾಲಂನಲ್ಲಿ ಅಪ್ಪನ ಹೆಸರು ಸಿದ್ದಪ್ಪ, ಆಧಾರ್‌ನಲ್ಲಿ ಸಿದ್ಧಪ್ಪ. ಒಂದು ಕಡೆ ಒತ್ತಕ್ಷರದ ಹೊಟ್ಟೆ ಸೀಳಿದೆ, ಇನ್ನೊಂದು ಕಡೆ ಸೀಳಿಲ್ಲ. ಅಷ್ಟಕ್ಕೇ ಮೇಷ್ಟ್ರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟು, ಡಾಕ್ಟರು ಕೆಟ್ಟ ಸುದ್ದಿ ಹೇಳುವ ಮುಖ ಮಾಡಿ, "ಸ್ವಲ್ಪ ಕಾಂಪ್ಲಿಕೇಟೆಡ್ ಐತ್ರಿ" ಅಂದರು.

ಮನೆಗೆ ಬಂದು ಡಿಕ್ಷನರಿ ತೆಗೆದೆ. ಲ್ಯಾಟಿನ್‌ನಲ್ಲಿ 'ಪ್ಲಿಕಾರೆ' ಅಂದ್ರೆ ಮಡಚುವುದಂತೆ. ಅದರ ಮೊದಲಿಗೆ 'ಕಾಮ್' ಸೇರಿದರೆ ಒಟ್ಟಿಗೆ ಮಡಚಿದ್ದು. ಮಡಚಿದ್ದನ್ನು ಬಿಚ್ಚಬಹುದು ಅಲ್ವಾ? ನನ್ನ ಫೈಲೂ ಮಡಚಿಯೇ ಇದೆ.

ಇದರ ಅಣ್ಣ ಕಾಂಪ್ಲೆಕ್ಸ್. ಅದರ ಬೇರು ಬೇರೆ, ಜಡೆ ಹೆಣೆದ ಹಾಗೆ ಹೆಣೆಯುವುದು. ಹತ್ತಾರು ಎಳೆ ಒಂದರೊಳಗೊಂದು ಸೇರಿಕೊಂಡಿದ್ದರೆ ಕಾಂಪ್ಲೆಕ್ಸ್, ಅದರಲ್ಲಿ ಯಾರ ತಪ್ಪೂ ಇಲ್ಲ. ಕಾಂಪ್ಲಿಕೇಟೆಡ್ ಅಂದಾಗ ಮಾತ್ರ, ಯಾರೋ ಸುಮ್ನೆ ಗೋಜಲು ಮಾಡಿಟ್ಟಿದ್ದಾರೆ ಅನ್ನುವ ವಾಸನೆ ಬರುತ್ತದೆ. ಆದರೆ ನಮ್ಮೂರಲ್ಲಿ ಕಾಂಪ್ಲೆಕ್ಸ್ ಅಂದ್ರೆ ಕೆಳಗೆ ಮೊಬೈಲ್ ಅಂಗಡಿ, ಮೇಲೆ ಕೋಚಿಂಗ್ ಕ್ಲಾಸ್. ಇನ್ನು ಬಸ್ ಸ್ಟ್ಯಾಂಡ್ ಕಡೆ ಹೋದರೆ ಸುಲಭ್ ಕಾಂಪ್ಲೆಕ್ಸ್! ಸುಲಭವೂ ಹೌದು, ಕಾಂಪ್ಲೆಕ್ಸೂ ಹೌದು, ಒಂದೇ ಬೋರ್ಡಿನಲ್ಲಿ. ನಮ್ಮ ಕಚೇರಿಯಲ್ಲಿ ಇಲ್ಲದ ಧೈರ್ಯ ಶೌಚಾಲಯಕ್ಕಿದೆ.

ನಿಜವಾದ ಕಾಂಪ್ಲೆಕ್ಸ್ ನಾವು ನೋಡಿಲ್ಲ ಅಂತಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಮೂರು ರಾಜ್ಯಗಳ ನೀರು, ಅದಕ್ಕೊಂದು ಮಂಡಳಿ, 70 ವರ್ಷದ ಹಳೇ ಡ್ಯಾಮು, ಕೆಳಗೆ ಭೋರ್ಗರೆಯುವ ಹೊಳೆ. ಆದರೂ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಅನ್ನುವ ತಾತ್ಕಾಲಿಕ ಉಕ್ಕಿನ ತಡೆಗಳನ್ನು ಇಳಿಸಿ ಸುಮಾರು ಒಂದು ವಾರದಲ್ಲಿ ಮುಚ್ಚಿದರು. ಅಪ್ಪನ ಒತ್ತಕ್ಷರದ ಹೊಟ್ಟೆ ಮಾತ್ರ ಇವತ್ತಿಗೂ ತೆರೆದೇ ಇದೆ.

ಈಗೀಗ ನನಗೆ ಕಚೇರಿಯ ವ್ಯಾಕರಣ ಅರ್ಥವಾಗುತ್ತಿದೆ. 'ಸ್ವಲ್ಪ ಕಾಂಪ್ಲಿಕೇಟೆಡ್' ಅಂದ್ರೆ ಸೋಮವಾರ ಬನ್ನಿ, 'ಭಾಳ ಕಾಂಪ್ಲಿಕೇಟೆಡ್' ಅಂದ್ರೆ ಒಬ್ಬರೇ ಬನ್ನಿ.

ಹೋದ ವಾರ ಹೊರಗೆ ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವವನನ್ನು ರೇಟ್ ಕೇಳಿದೆ.

"ಸಿಂಪಲ್ ಆದ್ರ ಐನೂರು, ಕಾಂಪ್ಲಿಕೇಟೆಡ್ ಆದ್ರ ಎರಡು ಸಾವಿರ ರೀ."

"ನಂದು ಯಾವ್ದು?"

ಅವನು ಫೈಲ್ ಬಿಚ್ಚಲೇ ಇಲ್ಲ. ನನ್ನ ಚಪ್ಪಲಿ ನೋಡಿದ, ಕೈಗಡಿಯಾರ ನೋಡಿದ.

"ಕಾಂಪ್ಲಿಕೇಟೆಡ್ ಐತ್ರಿ."