ಸಹಭಾಗಿತ್ವ ಅಂದಮೇಲೆ ಅಧಿಕಾರ ಬಿಟ್ಟುಕೊಟ್ಟವರು ಯಾರು?

ಸುಸ್ಥಿರ ಅಭಿವೃದ್ಧಿಯ ಸಭೆಗಳಲ್ಲಿ ‘ಎಲ್ಲರೂ ಕೈಜೋಡಿಸಬೇಕು’ ಎಂದರೆ ಯಾರೂ ಬೇಡ ಅನ್ನುವುದಿಲ್ಲ. ಸರ್ಕಾರ, ಕಂಪನಿ, ಸ್ವಯಂಸೇವಾ ಸಂಸ್ಥೆ ಎಲ್ಲರೂ ತಲೆದೂಗುತ್ತಾರೆ. ಎಂಒಯುಗೆ, ಅಂದರೆ ಕಾನೂನಿನ ಬಲವಿಲ್ಲದ ಒಡಂಬಡಿಕೆ ಪತ್ರಕ್ಕೆ, ಸಹಿ ಬೀಳುತ್ತದೆ, ಫೋಟೊ ಆಗುತ್ತದೆ. ಸುಸ್ಥಿರ ಅಭಿವೃದ್ಧಿ ಕುರಿತು ವಿಶ್ವಸಂಸ್ಥೆ ನಡೆಸಿದ 2002ರ ಜೋಹಾನ್ಸ್‌ಬರ್ಗ್ ಶೃಂಗಸಭೆಯ ಹೊತ್ತಿಗೆ ಇಂಥ 200ಕ್ಕೂ ಹೆಚ್ಚು ಸಹಭಾಗಿತ್ವಗಳು ಘೋಷಣೆಯಾದವು. ಅವುಗಳಲ್ಲಿ ಎಷ್ಟೋ ಕಾಗದದಲ್ಲೇ ಉಳಿದುಹೋದವು. 2015ರಲ್ಲಿ ವಿಶ್ವಸಂಸ್ಥೆಯ ಸದಸ್ಯ ದೇಶಗಳು ಒಪ್ಪಿದ ಸುಸ್ಥಿರ ಅಭಿವೃದ್ಧಿಯ 17 ಗುರಿಗಳಲ್ಲಿ ಕೊನೆಯದು ಸಹಭಾಗಿತ್ವದ್ದೇ. ಮತ್ತೆ ಸಭೆಗಳು, ಮತ್ತೆ ಸಹಿಗಳು.

ಈ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ. ಪಾಲುದಾರರು ಎಷ್ಟು ಒಳ್ಳೆಯವರು ಅನ್ನುವುದನ್ನು ನೆಚ್ಚಿಕೊಂಡು ಯಾವ ಸಹಭಾಗಿತ್ವವೂ ಬಾಳುವುದಿಲ್ಲ. ಯಾರು ಯಾವ ತೀರ್ಮಾನದ ಹಕ್ಕನ್ನು ಬಿಟ್ಟುಕೊಟ್ಟರು, ಹಣ ಯಾವಾಗ ಯಾರ ಕೈಯಿಂದ ಬರುತ್ತದೆ, ಮಾತು ತಪ್ಪಿದರೆ ಏನು ಮಾಡುವುದು, ಈ ಮೂರನ್ನು ಬರೆದಿಟ್ಟಲ್ಲಿ ಮಾತ್ರ ಕೆಲಸ ನಡೆಯುತ್ತದೆ. ಎಲ್ಲರನ್ನೂ ಸೇರಿಸಿಕೊಂಡು ಮುನ್ನಡೆಸುವ ನಾಯಕತ್ವದ ಪರೀಕ್ಷೆ ಆಗುವುದೂ ಇಲ್ಲೇ. ತನ್ನ ಕೈಯಲ್ಲಿದ್ದ ಹಿಡಿತದ ಒಂದು ಪಾಲನ್ನು ಲಿಖಿತವಾಗಿ ಬಿಟ್ಟುಕೊಡಲು ಒಪ್ಪದವರು ವೇದಿಕೆಯ ಮೇಲೆ ಎಷ್ಟು ಚೆನ್ನಾಗಿ ಮಾತಾಡಿದರೂ ಪ್ರಯೋಜನವಿಲ್ಲ.

ಬಾಂಗ್ಲಾದೇಶದ ಉದಾಹರಣೆ ನೋಡಿ. 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಗಾರ್ಮೆಂಟ್ ಕಾರ್ಮಿಕರು ಸತ್ತರು. ಅದಕ್ಕೂ ಮೊದಲು ಅಲ್ಲಿಂದ ಬಟ್ಟೆ ತರಿಸುವ ಬ್ರ್ಯಾಂಡ್‌ಗಳು ನೀತಿಸಂಹಿತೆ ಬರೆದುಕೊಂಡಿರಲಿಲ್ಲ ಎಂದಲ್ಲ, ತಪಾಸಣೆಗಳೂ ನಡೆಯುತ್ತಿದ್ದವು. ಆದರೆ ಎಲ್ಲವೂ ಸ್ವಯಂಪ್ರೇರಿತ. ದುರಂತದ ನಂತರ ಕಾರ್ಖಾನೆಗಳ ಸುರಕ್ಷತೆಗಾಗಿ ಬ್ರ್ಯಾಂಡ್‌ಗಳೂ ಕಾರ್ಮಿಕ ಸಂಘಗಳೂ ಮಾಡಿಕೊಂಡ ‘ಅಕಾರ್ಡ್’ ಒಪ್ಪಂದ ಇಲ್ಲಿಯೇ ಬೇರೆಯಾಯಿತು. ಅದಕ್ಕೆ ಕಾನೂನಿನ ಬಲವಿತ್ತು. ಅದನ್ನು ನಡೆಸುವ ಸ್ಟಿಯರಿಂಗ್ ಸಮಿತಿಯಲ್ಲಿ ಕಂಪನಿಗಳಿಗೂ ಕಾರ್ಮಿಕ ಸಂಘಗಳಿಗೂ ಸಮ ಸಂಖ್ಯೆಯ ಸ್ಥಾನ, ತಟಸ್ಥ ಅಧ್ಯಕ್ಷ ಸ್ಥಾನ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗೆ. ಪ್ರತಿ ಕಂಪನಿ ಆ ದೇಶದಿಂದ ತರಿಸುವ ಬಟ್ಟೆಯ ಪ್ರಮಾಣಕ್ಕೆ ತಕ್ಕಂತೆ ವಂತಿಗೆ ಕೊಡಬೇಕಿತ್ತು, ವರ್ಷಕ್ಕೆ ಗರಿಷ್ಠ 5 ಲಕ್ಷ ಡಾಲರ್. ತಪಾಸಣಾ ವರದಿಗಳು ಬಹಿರಂಗ. ಕಾರ್ಖಾನೆಗೆ ರಿಪೇರಿ ಮಾಡಿಸಿಕೊಳ್ಳಲು ಹಣ ಸಾಲುವಂಥ ವ್ಯಾಪಾರದ ಷರತ್ತುಗಳನ್ನು ಬ್ರ್ಯಾಂಡ್‌ಗಳೇ ಒದಗಿಸಬೇಕಿತ್ತು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಈ ಷರತ್ತೇ. ಒಂದು ಕೈಯಲ್ಲಿ ಬೆಲೆ ಇಳಿಸುತ್ತಾ ಇನ್ನೊಂದು ಕೈಯಲ್ಲಿ ಸುರಕ್ಷತೆ ಕೇಳುವ ಪಾಲುದಾರನಿಂದ ಯಾವ ಗುರಿಯೂ ಮುಟ್ಟುವುದಿಲ್ಲ.

ವಿವಾದ ಬಗೆಹರಿಯದಿದ್ದರೆ ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋಗಬಹುದು ಎಂದು ಆ ಒಪ್ಪಂದದಲ್ಲಿತ್ತು. ಸಂಘಗಳು ನಿಜಕ್ಕೂ ಹೋದವು. 2018ರ ಜನವರಿಯಲ್ಲಿ ಒಂದು ಬಹುರಾಷ್ಟ್ರೀಯ ಬ್ರ್ಯಾಂಡ್ 23 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆ ಹಣದಲ್ಲಿ 150ಕ್ಕೂ ಹೆಚ್ಚು ಕಾರ್ಖಾನೆಗಳ ಅಪಾಯ ಸರಿಪಡಿಸುವುದು ಉದ್ದೇಶ. ಬರೀ ಎಂಒಯು ಇದ್ದಿದ್ದರೆ ಇದು ಸಾಧ್ಯವಿರಲಿಲ್ಲ.

ಎಲ್ಲ ಸಹಭಾಗಿತ್ವಕ್ಕೂ ನ್ಯಾಯಮಂಡಳಿ ಬೇಕು ಎನ್ನುತ್ತಿಲ್ಲ. ಎಷ್ಟೋ ಕಡೆ ಕೆಲಸ ಕೆಡುವುದು ಜಗಳದಿಂದಲ್ಲ, ಕಾಲ ಹೊಂದದೆ. ಸರ್ಕಾರಿ ಇಲಾಖೆಗೆ ಆರ್ಥಿಕ ವರ್ಷ ಮುಖ್ಯ: ಅಷ್ಟರೊಳಗೆ ಖರ್ಚಾಗದ ಹಣ ವಾಪಸ್ ಹೋಗುತ್ತದೆ. ಕಂಪನಿ ಮೂರು ತಿಂಗಳಿಗೊಮ್ಮೆ ಫಲಿತಾಂಶ ತೋರಿಸಬೇಕು. ಸ್ವಯಂಸೇವಾ ಸಂಸ್ಥೆ ಎರಡು ಮೂರು ವರ್ಷದ ಅನುದಾನದ ಮೇಲೆ ನಿಂತಿರುತ್ತದೆ. ಕಾಡು ಬೆಳೆಯುವುದಕ್ಕೆ, ಅಂತರ್ಜಲ ಏರುವುದಕ್ಕೆ ಹತ್ತು ಹದಿನೈದು ವರ್ಷ ಬೇಕು. ಮೊದಲ ಸಭೆಯಲ್ಲೇ ನಾಲ್ಕೂ ಕ್ಯಾಲೆಂಡರ್‌ಗಳನ್ನು ಒಂದೇ ಹಾಳೆಯ ಮೇಲೆ ಬರೆದು ನೋಡಬೇಕು. ಒಬ್ಬರ ಕಂತು ಬಿಡುಗಡೆಯಾಗುವ ತಿಂಗಳಿಗೂ ಕೆಲಸ ಶುರುವಾಗಬೇಕಾದ ತಿಂಗಳಿಗೂ ಅಂತರವಿದ್ದರೆ, ನಡುವೆ ಸಂಬಳ ಯಾರು ಕೊಡುತ್ತಾರೆ ಎಂದು ಅಂದೇ ತೀರ್ಮಾನವಾಗಬೇಕು. ಇಲ್ಲದಿದ್ದರೆ ಮೊದಲು ಕೈಬಿಟ್ಟು ಹೋಗುವವರು ತಳಮಟ್ಟದ ಕಾರ್ಯಕರ್ತರು. ಕೆಲಸದ ಒಳಗುಟ್ಟು ಗೊತ್ತಿರುವುದು ಅವರಿಗೆ.

ಕಾಲವನ್ನು ಮೊದಲೇ ಲೆಕ್ಕ ಹಾಕಿದರೆ ಏನಾಗುತ್ತದೆ ಎನ್ನುವುದಕ್ಕೆ ಆಫ್ರಿಕಾದ ‘ನದಿ ಕುರುಡು’ ರೋಗದ ಕಾರ್ಯಕ್ರಮ ನನ್ನ ಮಟ್ಟಿಗೆ ಅತ್ಯುತ್ತಮ ಪಾಠ. ವೇಗವಾಗಿ ಹರಿಯುವ ನದಿಗಳಲ್ಲಿ ಹುಟ್ಟುವ ಕಪ್ಪು ನೊಣ ಕಚ್ಚಿ ಹರಡುವ ಹುಳುವಿನ ರೋಗ ಇದು. 1974ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಶುರುವಾದ ಕಾರ್ಯಕ್ರಮ, ನೊಣದ ಮರಿಗಳನ್ನು ಕೊಲ್ಲಲು ನದಿಗಳಿಗೆ ಔಷಧ ಸಿಂಪಡಿಸಿತು. 1987ರಲ್ಲಿ ಮರ್ಕ್ ಔಷಧ ಕಂಪನಿ ಈ ರೋಗಕ್ಕೆ ಐವರ್ಮೆಕ್ಟಿನ್ ಮಾತ್ರೆಯನ್ನು ‘ಬೇಕಾದಷ್ಟು, ಬೇಕಾದಷ್ಟು ಕಾಲ’ ಉಚಿತವಾಗಿ ಕೊಡುವುದಾಗಿ ಘೋಷಿಸಿತು. ಆ ‘ಬೇಕಾದಷ್ಟು ಕಾಲ’ ಅಲಂಕಾರದ ಮಾತಾಗಿರಲಿಲ್ಲ. ಮಾತ್ರೆ ಸಾಯಿಸುವುದು ಹುಳುವಿನ ಮರಿಗಳನ್ನು ಮಾತ್ರ, ದೊಡ್ಡ ಹುಳು ದೇಹದೊಳಗೆ 10ರಿಂದ 15 ವರ್ಷ ಬದುಕುತ್ತದೆ. ಹಾಗಾಗಿ ವರ್ಷಕ್ಕೊಮ್ಮೆಯಾದರೂ, ಅಷ್ಟೂ ವರ್ಷ, ಊರಿನ ಬಹುಪಾಲು ಜನ ಮಾತ್ರೆ ನುಂಗಬೇಕು. ಮೂರು ವರ್ಷದ ಪ್ರಾಜೆಕ್ಟ್ ಇಲ್ಲಿ ದುಡ್ಡು ದಂಡ.

ಮಾತ್ರೆ ಪುಕ್ಕಟೆ ಸಿಕ್ಕಿದ ಮೇಲೂ ಅದನ್ನು ರಸ್ತೆಯೇ ಇಲ್ಲದ ಊರಿಗೆ ಮುಟ್ಟಿಸುವವರು ಬೇಕಿತ್ತು. ಹೊರಗಿನ ತಂಡಗಳು ಹೋಗಿ ಬರುವುದು ದುಬಾರಿ, ಮೇಲಾಗಿ ಅವರು ಹೋದ ದಿನ ಜನ ಹೊಲದಲ್ಲಿರುತ್ತಿದ್ದರು. 1995ರಲ್ಲಿ ಆರಂಭವಾದ ಎರಡನೇ ಕಾರ್ಯಕ್ರಮ ಹಂಚುವ ಅಧಿಕಾರವನ್ನೇ ಊರಿಗೆ ಬಿಟ್ಟುಕೊಟ್ಟಿತು. ಯಾರು ಹಂಚಬೇಕು, ಯಾವ ತಿಂಗಳು, ಮನೆ ಮನೆಗೆ ಹೋಗುವುದೋ ಒಂದು ಕಡೆ ಸೇರಿಸುವುದೋ, ಎಲ್ಲವನ್ನೂ ಊರಿನವರೇ ತೀರ್ಮಾನಿಸಿದರು. ತೂಕ ನೋಡಲು ತಕ್ಕಡಿ ಬೇಡ ಎಂದು ತಜ್ಞರು ಡೋಸನ್ನು ಎತ್ತರಕ್ಕೆ ಹೊಂದಿಸಿದರು. ಗುರುತು ಹಾಕಿದ ಕೋಲಿನ ಪಕ್ಕ ನಿಲ್ಲಿಸಿ, 90ರಿಂದ 119 ಸೆಂಟಿಮೀಟರ್ ಇದ್ದರೆ ಒಂದು ಮಾತ್ರೆ, 140ರವರೆಗೆ ಎರಡು, 158ರವರೆಗೆ ಮೂರು, ಅದಕ್ಕಿಂತ ಎತ್ತರಕ್ಕೆ ನಾಲ್ಕು. ಅಕ್ಷರ ಬಾರದವರೂ ತಪ್ಪಿಲ್ಲದೆ ಹಂಚಬಹುದಾದ ವಿಧಾನ ಇದು. ತಜ್ಞರು ತಮ್ಮ ಜ್ಞಾನವನ್ನು ಒಂದು ಕೋಲಿಗೆ ಇಳಿಸಿ ಕೊಟ್ಟು ಪಕ್ಕಕ್ಕೆ ಸರಿದು ನಿಂತರು. ಇದಕ್ಕಿಂತ ಒಳ್ಳೆಯ ನಾಯಕತ್ವ ನನಗೆ ಗೊತ್ತಿಲ್ಲ. 2025ರಲ್ಲಿ ನೈಜರ್, ಈ ರೋಗದ ಹರಡುವಿಕೆ ನಿಂತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಖಾತ್ರಿಯಾದ ಆಫ್ರಿಕಾದ ಮೊದಲ ದೇಶವಾಯಿತು. ಆರಂಭದಿಂದ ಅರ್ಧ ಶತಮಾನ ಹಿಡಿಯಿತು ಅನ್ನುವುದನ್ನು ಮರೆಯಬಾರದು.

ಹಣವನ್ನೂ ಅಷ್ಟು ದೀರ್ಘವಾಗಿ ಯೋಚಿಸಬಹುದು. ಈಕ್ವೆಡಾರ್‌ನ ಕೀಟೊ ನಗರದ ಜಲನಿಧಿ 2000ದಲ್ಲಿ ಆರಂಭವಾಗಿದ್ದು ಸುಮಾರು 21 ಸಾವಿರ ಡಾಲರ್‌ನಿಂದ. ನಗರಕ್ಕೆ ನೀರು ಕೊಡುವ ಗುಡ್ಡಗಾಡು ಕಾಯುವುದು ಅದರ ಕೆಲಸ. ಟ್ರಸ್ಟಿನ ಅವಧಿಯನ್ನು 80 ವರ್ಷ ಎಂದು ಬರೆದರು. ನಂತರ ನಗರಾಡಳಿತ ಕಾನೂನು ಮಾಡಿ, ನೀರು ಸರಬರಾಜು ಸಂಸ್ಥೆಯ ಆದಾಯದ ಶೇ. 2ನ್ನು ಅದಕ್ಕೆ ಕಡ್ಡಾಯವಾಗಿ ಸಲ್ಲುವಂತೆ ಮಾಡಿತು. ಮೇಯರ್ ಬದಲಾದರೂ ಹಣ ಬರುತ್ತದೆ. ದಾನಿಗಳ ಮರ್ಜಿ ಕಾಯಬೇಕಿಲ್ಲ.

ಇನ್ನು ಯಾರೂ ಹಣ ಕೊಡಲು ಒಪ್ಪದ ಒಂದು ಸಂಗತಿ ಇದೆ: ಸಮನ್ವಯದ ಕಚೇರಿ. ಸಭೆ ಕರೆಯುವುದು, ನಡಾವಳಿ ಬರೆಯುವುದು, ಲೆಕ್ಕ ಕ್ರೋಡೀಕರಿಸುವುದು, ಮುನಿಸಿಕೊಂಡವರಿಗೆ ಫೋನ್ ಮಾಡುವುದು, ಇಷ್ಟಕ್ಕೂ ಪೂರ್ಣಾವಧಿಯ ಒಬ್ಬರಾದರೂ ಬೇಕು. ದಾನಿಗಳು ಇದನ್ನು ‘ಆಡಳಿತ ವೆಚ್ಚ’ ಎಂದು ಕತ್ತರಿಸುತ್ತಾರೆ. ಆಗ ಈ ಕೆಲಸ ಪಾಲುದಾರರಲ್ಲೇ ದೊಡ್ಡ ಸಂಸ್ಥೆಯ ಪಾಲಾಗುತ್ತದೆ, ನಡಾವಳಿ ಬರೆಯುವವರ ಮಾತೇ ನಿರ್ಣಯವಾಗುತ್ತದೆ, ಉಳಿದವರು ನಿಧಾನವಾಗಿ ಕಿರಿಯ ಸಿಬ್ಬಂದಿಯನ್ನು ಕಳಿಸತೊಡಗುತ್ತಾರೆ. ಒಪ್ಪಿಗೆ ಕೊಡುವ ಅಧಿಕಾರವಿಲ್ಲದವರು ತುಂಬಿದ ಸಭೆ ಅಂದರೆ ಸಹಭಾಗಿತ್ವ ಕೊನೆಯುಸಿರು ಎಳೆಯುತ್ತಿದೆ ಎಂದೇ ಲೆಕ್ಕ. ಸಮನ್ವಯದ ವೆಚ್ಚವನ್ನು ಎಲ್ಲ ಪಾಲುದಾರರೂ ಹಂಚಿಕೊಳ್ಳಲಿ, ಮೊತ್ತ ಚಿಕ್ಕದಾದರೂ ಸರಿ. ನಡಾವಳಿ ಎರಡು ದಿನದೊಳಗೆ ಎಲ್ಲರಿಗೂ ಹೋಗಲಿ: ತೀರ್ಮಾನ, ಹೊಣೆ ಹೊತ್ತವರು, ಗಡುವು, ಇಷ್ಟೇ ಸಾಕು. ಹೊಣೆಯನ್ನು ವ್ಯಕ್ತಿಗೆ ಬರೆಯದೆ ಹುದ್ದೆಗೆ ಬರೆಯಿರಿ, ಜೊತೆಗೆ ಬದಲಿ ಹುದ್ದೆಯನ್ನೂ ನಮೂದಿಸಿ. ಅಧಿಕಾರಿ ವರ್ಗವಾದ ಮಾರನೇ ದಿನ ಕಡತ ಹುಡುಕುವ ಪಾಡು ತಪ್ಪುತ್ತದೆ.

ಅಳತೆಯ ಬಗ್ಗೆ ಒಂದೇ ಮಾತು: ಕೆಲಸ ಶುರುವಾಗುವ ಮುನ್ನಿನ ಸ್ಥಿತಿಯನ್ನು ಅಳೆಯದಿದ್ದರೆ ಆಮೇಲೆ ಅದನ್ನು ಅಳೆಯಲು ಆಗುವುದೇ ಇಲ್ಲ. ಐದಾರು ಸೂಚಕ ಸಾಕು, ಪ್ರತಿಯೊಂದಕ್ಕೂ ಅಳೆಯುವವರು ಯಾರು ಎಂದು ಬರೆದಿರಬೇಕು.

ಹೊರಹೋಗುವ ದಾರಿಯನ್ನೂ ಸಹಿಗೆ ಮೊದಲೇ ಬರೆಯಬೇಕು. ಮದುವೆಯ ದಿನವೇ ವಿಚ್ಛೇದನದ ಮಾತೇಕೆ ಎಂದು ಮುಜುಗರ ಪಡುವವರಿದ್ದಾರೆ. ಆದರೆ ಎಷ್ಟು ದಿನದ ನೋಟಿಸ್, ಪಂಪು ಪೈಪುಗಳು ಯಾರ ಹೆಸರಿಗೆ, ಸಂಗ್ರಹಿಸಿದ ಮಾಹಿತಿ ಯಾರ ಬಳಿ ಉಳಿಯುತ್ತದೆ, ಸಿಬ್ಬಂದಿಯ ಬಾಕಿ ಯಾರು ತೀರಿಸುತ್ತಾರೆ ಎಂಬುದಿಲ್ಲದ ಒಡಂಬಡಿಕೆಯಲ್ಲಿ ಬಲಿಷ್ಠರು ಯಾವಾಗ ಬೇಕಾದರೂ ಎದ್ದು ಹೋಗಬಹುದು, ಊರಿನವರು ಹೋಗುವಂತಿಲ್ಲ. ನಿಮ್ಮ ಮುಂದೆ ಅಂಥ ಕರಡು ಬಂದರೆ, ಈ ಸಾಲುಗಳು ಸೇರುವ ತನಕ ಸಹಿ ತಡೆಹಿಡಿಯಿರಿ. ಸಮಾರಂಭದ ದಿನಾಂಕ ಮುಂದೆ ಹೋದರೆ ಹೋಗಲಿ.