ಡಿಲಿಂಜರ್ ಮೇಲಿನ ಮಮತೆಗೆ ನನ್ನ ತಕರಾರು

ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲದ ಬ್ಯಾಂಕ್ ದರೋಡೆಕೋರ ಜಾನ್ ಡಿಲಿಂಜರ್‌ನನ್ನು ಬಡವರ ಬಂಟನೆಂದು ಕೊಂಡಾಡುವ ಬರಹಗಳನ್ನು ಕಂಡಾಗಲೆಲ್ಲ ನನ್ನದೊಂದು ತಕರಾರು ಏಳುತ್ತದೆ. ಬ್ಯಾಂಕುಗಳ ಮೇಲೆ ಅಂದಿನ ಜನರಿಗಿದ್ದ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿಗೆ ಇವನು ವಾರಸುದಾರನಾದದ್ದು ಹೇಗೆ?

1930ರಿಂದ 1933ರವರೆಗೆ ಆ ದೇಶದಲ್ಲಿ ಸುಮಾರು ಒಂಬತ್ತು ಸಾವಿರ ಬ್ಯಾಂಕುಗಳು ಮುಳುಗಿದವು. ಒಂದು ಕಡೆ ಠೇವಣಿ ಕಳೆದುಕೊಂಡ ರೈತ, ಇನ್ನೊಂದು ಕಡೆ ಸಾಲ ತೀರಿಸಲಾಗದೆ ಜಮೀನನ್ನೂ ಹರಾಜಿನಲ್ಲಿ ಕಳೆದುಕೊಳ್ಳಬೇಕಾಯಿತು. ಅಂಥವನಿಗೆ ಬ್ಯಾಂಕ್ ದೋಚುವವನು ತನ್ನ ಪರವಾಗಿ ಸೇಡು ತೀರಿಸುತ್ತಿದ್ದಾನೆಂದು ಅನಿಸಿದ್ದರೆ ಅದು ಅಸಹಜವೇನಲ್ಲ.

ಡಿಲಿಂಜರ್‌ಗೂ ಅನ್ಯಾಯವಾಗಿತ್ತು ಎಂಬುದನ್ನು ಒಪ್ಪುತ್ತೇನೆ. 1924ರಲ್ಲಿ ಇಂಡಿಯಾನಾದ ಮೂರ್ಸ್‌ವಿಲ್‌ನಲ್ಲಿ ಕಿರಾಣಿ ವ್ಯಾಪಾರಿಯೊಬ್ಬನ ಮೇಲೆ ಹಲ್ಲೆ ಮಾಡಿ ಸಿಕ್ಕಿಬಿದ್ದಾಗ, ತಂದೆಯ ಮಾತು ಕೇಳಿ, ವಕೀಲನನ್ನೂ ಇಟ್ಟುಕೊಳ್ಳದೆ ತಪ್ಪೊಪ್ಪಿಕೊಂಡ ಇಪ್ಪತ್ತೊಂದರ ಹುಡುಗನಿಗೆ ಹತ್ತರಿಂದ ಇಪ್ಪತ್ತು ವರ್ಷಗಳ ಸಜೆಯಾಯಿತು. ವಕೀಲನನ್ನಿಟ್ಟು ವಾದಿಸಿದ ಜೊತೆಗಾರ ಎಷ್ಟೋ ಕಡಿಮೆ ಶಿಕ್ಷೆಯಲ್ಲಿ ಪಾರಾದ. 1933ರ ಮೇ ತಿಂಗಳಲ್ಲಿ ಪೆರೋಲಿನ ಮೇಲೆ ಹೊರಬಂದಾಗ, ಬ್ಯಾಂಕ್ ದೋಚುವ ವಿದ್ಯೆಯನ್ನು ಜೈಲಿನ ಹಳೆಯ ಕೈದಿಗಳಿಂದಲೇ ಕಲಿತಿದ್ದ.

ಅಲ್ಲಿಂದ ಮುಂದಿನದು ನನಗೆ ಒಪ್ಪಿಗೆಯಾಗದ ಭಾಗ. ಅದೇ ವರ್ಷದ ಅಕ್ಟೋಬರಿನಲ್ಲಿ, ಮತ್ತೆ ಸಿಕ್ಕಿಬಿದ್ದು ಒಹಾಯೊದ ಲೈಮಾ ಜೈಲಿನಲ್ಲಿದ್ದ ಇವನನ್ನು ಬಿಡಿಸಲು ಬಂದ ಸಂಗಡಿಗರು ಅಲ್ಲಿನ ಶೆರಿಫ್ (ಜಿಲ್ಲಾ ಪೊಲೀಸ್ ಮುಖ್ಯಸ್ಥ) ಜೆಸ್ ಸಾರ್ಬರ್‌ನನ್ನು ಕೊಂದರು. 1934ರ ಜನವರಿ 15ರಂದು ಇಂಡಿಯಾನಾದ ಈಸ್ಟ್ ಷಿಕಾಗೋ ಊರಿನ ಬ್ಯಾಂಕ್ ದರೋಡೆಯಲ್ಲಿ ವಿಲಿಯಂ ಒ'ಮ್ಯಾಲಿ ಎಂಬ ಪೊಲೀಸ್ ಗುಂಡಿಗೆ ಬಲಿಯಾದ. ಆ ಕೊಲೆಯ ಆರೋಪ ಡಿಲಿಂಜರ್ ಮೇಲೆಯೇ ಬಂತು. ಸತ್ತ ಇಬ್ಬರೂ ಸಂಬಳಕ್ಕೆ ದುಡಿಯುತ್ತಿದ್ದವರು, ಯಾರ ಜಮೀನನ್ನೂ ಹರಾಜು ಹಾಕಿದ ಸಾಹುಕಾರರಲ್ಲ.

ಜನ ಮಾತ್ರ ನೆನಪಿಟ್ಟುಕೊಂಡದ್ದು ಮರದ ಪಿಸ್ತೂಲನ್ನು. ಕೊಲೆಯ ವಿಚಾರಣೆಗೆಂದು ಇಂಡಿಯಾನಾದ ಕ್ರೌನ್ ಪಾಯಿಂಟ್ ಜೈಲಿನಲ್ಲಿಟ್ಟಿದ್ದಾಗ, ಮರದಲ್ಲಿ ಕೆತ್ತಿ ಕಪ್ಪು ಬಳಿದ ಪಿಸ್ತೂಲು ತೋರಿಸಿ ಕಾವಲುಗಾರರನ್ನು ಬೆದರಿಸಿದನೆಂಬುದು ಪ್ರಚಲಿತ ಕಥೆ. ತಪ್ಪಿಸಿಕೊಂಡ ಮೇಲೆ ಊರಿಗೆ ಹೋಗಿ ಆ ಪಿಸ್ತೂಲು ಹಿಡಿದು ನಗುತ್ತಾ ಫೋಟೋ ತೆಗೆಸಿಕೊಂಡನೆಂದರೆ, ತನ್ನ ಕಥೆಗೆ ಎಲ್ಲರಿಗಿಂತ ದೊಡ್ಡ ಅಭಿಮಾನಿ ಅವನೇ ಇದ್ದಿರಬೇಕು. ಆದರೆ 1934ರ ಮಾರ್ಚ್ 3ರಂದು ಅವನು ಪರಾರಿಯಾದದ್ದು ಶೆರಿಫ್ ಲಿಲಿಯನ್ ಹಾಲಿ ಅವರದೇ ಕಾರಿನಲ್ಲಿ. ಬ್ಯಾಂಕ್ ದರೋಡೆ ಅಲ್ಲಿಯವರೆಗೂ ಆಯಾ ರಾಜ್ಯದ ಪೊಲೀಸರ ತಲೆನೋವಾಗಿತ್ತು. ಕದ್ದ ಕಾರನ್ನು ಪಕ್ಕದ ರಾಜ್ಯವಾದ ಇಲಿನಾಯ್‌ನ ಗಡಿ ದಾಟಿಸಿದ್ದು ಮಾತ್ರ ಕೇಂದ್ರದ ಅಪರಾಧ. ಅಷ್ಟು ಸಾಕಾಯಿತು, ಎಡ್ಗರ್ ಹೂವರ್‌ನ ಕೇಂದ್ರ ತನಿಖಾ ದಳ (ಮುಂದೆ ಎಫ್‌ಬಿಐ ಎನಿಸಿಕೊಂಡದ್ದು) ಬೆನ್ನಟ್ಟಿತು. ಬ್ಯಾಂಕ್ ದರೋಡೆಯನ್ನೂ ಕೇಂದ್ರದ ಅಪರಾಧವಾಗಿಸುವ ಕಾನೂನು ಅದೇ ವರ್ಷದ ಮೇ ತಿಂಗಳಲ್ಲಿ ಬಂತು. ಜುಲೈ 22ರ ರಾತ್ರಿ ಷಿಕಾಗೋದ ಬಯೋಗ್ರಾಫ್ ಚಿತ್ರಮಂದಿರದಿಂದ ಹೊರಬಂದವನನ್ನು ಆ ದಳದವರು ಗುಂಡಿಟ್ಟು ಕೊಂದರು. ಸುಳಿವು ಕೊಟ್ಟ ಆನಾ ಸೇಜ್ ಎಂಬ ವಲಸಿಗ ಹೆಂಗಸನ್ನು ಕೊನೆಗೆ ರುಮೇನಿಯಾಕ್ಕೇ ಗಡೀಪಾರು ಮಾಡಲಾಯಿತು.

ಇಷ್ಟೆಲ್ಲದರ ನಡುವೆ ಠೇವಣಿದಾರನಿಗೆ ಏನು ಸಿಕ್ಕಿತು? ಅವನ ದುಡ್ಡಿಗೆ ಸರ್ಕಾರದ ವಿಮೆ ಜಾರಿಗೆ ಬಂದದ್ದು 1934ರ ಜನವರಿ 1ರಂದು, ಮೊದಲಿಗೆ 2,500 ಡಾಲರ್‌ವರೆಗೆ. ಒ'ಮ್ಯಾಲಿ ಸಾಯುವುದಕ್ಕೆ ಎರಡು ವಾರ ಮೊದಲು. ಅದನ್ನು ತಂದವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?