ಕಲಬುರಗಿಯಿಂದ ಮಂಗಳೂರಿಗೆ 530 ಕಿಲೋಮೀಟರ್

ಕಲಬುರಗಿ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜಪೆ ನಿಲ್ದಾಣಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 530 ಕಿ.ಮೀ. ಎಟಿಆರ್ ಎಂಬ ಸಣ್ಣ ವಿಮಾನ ಗಂಟೆಗೆ 500 ಕಿ.ಮೀ. ಆಸುಪಾಸಿನಲ್ಲಿ ಹಾರುತ್ತದೆ. ರನ್‌ವೇವರೆಗೆ ಸಾಗುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು ಎಲ್ಲ ಸೇರಿಸಿದರೂ ಒಂದೂವರೆ ಗಂಟೆಯ ದಾರಿ.

ಅಪ್ಪನಿಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು ಅಣ್ಣ ಫೋನ್ ಮಾಡಿದ ದಿನ ನನಗೆ ಹಿಡಿದದ್ದು ಹನ್ನೊಂದು ಗಂಟೆ.

ಬ್ಯಾಂಕಿನ ವರ್ಗಾವಣೆಯಲ್ಲಿ ಕಲಬುರಗಿಗೆ ಬಂದವಳು ನಾನು. ಅವತ್ತು ನೇರ ವಿಮಾನ ಇರಲಿಲ್ಲ. ಬೆಂಗಳೂರಿಗೆ ಹೋಗಿ, ಅಲ್ಲಿ ಐದು ಗಂಟೆ ಕೂತು, ಇನ್ನೊಂದು ವಿಮಾನ ಹತ್ತಿದೆ. ಕಲಬುರಗಿ–ಬೆಂಗಳೂರು 460, ಬೆಂಗಳೂರು–ಮಂಗಳೂರು 305. ಒಟ್ಟು 765 ಕಿ.ಮೀ. ಹಾರಿದ ದೂರಕ್ಕಿಂತ ನನ್ನನ್ನು ಹಣ್ಣು ಮಾಡಿದ್ದು ಆ ಐದು ಗಂಟೆ. ಅಷ್ಟರಲ್ಲಿ ಅಪ್ಪನನ್ನು ಆಪರೇಷನ್ ಥಿಯೇಟರಿಗೆ ಕರೆದೊಯ್ದಾಗಿತ್ತು. ಒಳಗೆ ಹೋಗುವ ಮುಂಚೆ ಎರಡು ಸಲ ನನ್ನ ಹೆಸರು ಹೇಳಿದರಂತೆ.

ಕಲಬುರಗಿ ನಿಲ್ದಾಣ ಶುರುವಾದದ್ದು 2019ರ ನವೆಂಬರ್ 22ರಂದು. ರನ್‌ವೇ ಮೂರು ಕಿ.ಮೀ. ಮೀರಿ ಉದ್ದವಿದೆ, ಬಜಪೆಯದಕ್ಕಿಂತಲೂ ಉದ್ದ. ನೆಲ ಇದೆ, ಕಟ್ಟಡ ಇದೆ. ಆದರೆ ನಮ್ಮ ರಾಜ್ಯದಲ್ಲಿ ಜಿಲ್ಲೆಗೊಂದು ವಿಮಾನ ನಿಲ್ದಾಣ ಎಂದರೆ ಅಲ್ಲಿಂದ ಬೆಂಗಳೂರಿಗೆ ವಿಮಾನ ಎಂದಷ್ಟೇ ಅರ್ಥ ಮಾಡಿಕೊಂಡಿದ್ದೇವೆ. ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಯಾರಿಗೂ ಕೆಲಸವೇ ಇಲ್ಲವೇ? ನಮ್ಮ ಶಾಖೆಯ ಹಿರಿಯರೊಬ್ಬರು ಅಂದಿದ್ದರು: "ಮೇಡಂ, ನಮಗ ಹೈದ್ರಾಬಾದ ಬಾಜೂಕ ಅದ, ಮಂಗಳೂರ ಪರದೇಶ ಇದ್ದಂಗ ನೋಡ್ರಿ." ಅವರ ಮಗಳು ಮಂಗಳೂರಲ್ಲೇ ನರ್ಸಿಂಗ್ ಓದುತ್ತಿದ್ದಾಳೆ.

ನೇರ ವಿಮಾನ ಹಾಕಿದರೆ ಸೀಟು ತುಂಬುವುದಿಲ್ಲ ಎನ್ನುತ್ತಾರೆ. ಈ ಮಾತನ್ನು ತಳ್ಳಿಹಾಕಲಾರೆ; ಎಪ್ಪತ್ತು ಚಿಲ್ಲರೆ ಸೀಟು ದಿನಾ ತುಂಬುವುದು ಸುಲಭವಲ್ಲ. ಹಾಗಾಗಿಯೇ ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಕಲಬುರಗಿ–ಹುಬ್ಬಳ್ಳಿ 294 ಕಿ.ಮೀ., ಹುಬ್ಬಳ್ಳಿ–ಮಂಗಳೂರು 266. ಕೂಡಿದರೆ 560. ನೇರ ಹಾರಾಟಕ್ಕಿಂತ ಹೆಚ್ಚಾಗುವುದು ಬರೀ ಮೂವತ್ತು ಕಿ.ಮೀ.! ಹುಬ್ಬಳ್ಳಿ ಹೆಚ್ಚುಕಡಿಮೆ ದಾರಿಯಲ್ಲೇ ಇದೆ. ಅಲ್ಲಿ ಅರ್ಧ ಗಂಟೆ ನಿಂತು ಹೊರಟರೂ ಎರಡೂವರೆ ಗಂಟೆಯಲ್ಲಿ ಬಜಪೆ. ಹುಬ್ಬಳ್ಳಿ–ಧಾರವಾಡದವರೂ ಹತ್ತುತ್ತಾರೆ, ಅವರಿಗೂ ಕರಾವಳಿಗೆ ಘಟ್ಟ ಇಳಿಯುವ ಪಾಡು ತಪ್ಪುತ್ತದೆ. ಮಳೆಗಾಲದಲ್ಲಿ ಬಜಪೆಯ ಗುಡ್ಡಕ್ಕೆ ಮೋಡ ಕವಿದು ವಿಮಾನ ಬೇರೆ ಊರಿಗೆ ತಿರುಗುವುದುಂಟು, ಆ ತೊಂದರೆ ಇದ್ದೇ ಇರುತ್ತದೆ.

ಸಣ್ಣ ಊರುಗಳಿಗೂ ವಿಮಾನ ಒದಗಿಸುವ ಕೇಂದ್ರದ ಉಡಾನ್ ಯೋಜನೆ ಬಂದಾಗ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂದಿದ್ದರು. ಅದಕ್ಕಾಗಿ ವಿಮಾನ ಕಂಪನಿಗೆ ನಷ್ಟ ತುಂಬಿಕೊಡುವ ಅವಧಿ ಮೂರು ವರ್ಷ. ದೇಶದ ಎಷ್ಟೋ ಮಾರ್ಗಗಳು ಆ ನೆರವಿನ ಜೊತೆಗೇ ನಿಂತುಹೋದವು. ಕಲ್ಯಾಣ ಕರ್ನಾಟಕವನ್ನು ಕರಾವಳಿಗೆ ಸೇರಿಸುವ ಒಂದು ಮಾರ್ಗಕ್ಕಾದರೂ ರಾಜ್ಯ ಸರ್ಕಾರವೇ ಹಣ ಇಡಬೇಕು. ದಿನಾ ಬೇಡ, ವಾರಕ್ಕೆ ಮೂರು ದಿನ ಸಾಕು. ಶುಕ್ರವಾರ ಸಂಜೆ ಒಂದಿರಲಿ, ವರ್ಗವಾಗಿ ಬಂದ ನಮ್ಮಂಥವರು ಊರಿಗೆ ಹೋಗಲು.

ಅಪ್ಪ ಈಗ ಹುಷಾರಾಗಿದ್ದಾರೆ. ಮುಂದಿನ ವಾರ ತಪಾಸಣೆ ಇದೆ. ರಾತ್ರಿ ಬಸ್ಸಿಗೆ ಸೀಟು ಮಾಡಿಸಿದ್ದೇನೆ.